ಬಿಸಿ ಆರದ ಸುರುಳಿ

ಬೀದಿಯ ಗಿರಣಿ, ವೆಲ್ಡಿಂಗ್ ಅಂಗಡಿ ಇನ್ನೂ ಕಣ್ಣು ಬಿಟ್ಟಿಲ್ಲ. ಮೆಟ್ಟಿಲ ಕೆಳಗಿನ ಕಿರುಕೋಣೆಯಲ್ಲಿ ಮೀಟರಮ್ಮ ಆಗಲೇ ಕೆಲಸಕ್ಕೆ ಕೂತಿದ್ದಾಳೆ. ಯಂತ್ರಗಳು ಎದ್ದರೆ ಅವುಗಳ ಗುಂಯ್‌ಗುಡುವಿಕೆ ಅಳತೆಯೊಳಗೂ ನುಸುಳುತ್ತದೆ. ಅದಕ್ಕೇ ಈ ಬೆಳಗಿನ ಜಾವದ ಹಟ.

ಅವಳು ಅಳೆಯುವುದು ಪಿಕಪ್‌ಗಳನ್ನು. ಎಲೆಕ್ಟ್ರಿಕ್ ಗಿಟಾರಿನ ತಂತಿಗಳ ಕೆಳಗೆ ಅಡಗಿ ಕೂತು, ಅವುಗಳ ಕಂಪನವನ್ನು ವಿದ್ಯುತ್ತಾಗಿಸುವ ಪುಟ್ಟ ಭಾಗ ಅದು. ಒಳಗೊಂದು ಅಯಸ್ಕಾಂತ, ಕೂದಲಿಗಿಂತ ತೆಳುವಾದ ತಾಮ್ರದ ತಂತಿಯ ಎರಡು ಸುರುಳಿ. ಎರಡೂ ಸರಿಸಮ ಇರಬೇಕು. ಸುತ್ತುವವರು ಅತ್ತಿಗೆ, ಅಳೆದು ಸೈ ಎನ್ನುವವಳು ಇವಳು. ದಿನಕ್ಕೆ ಮೂವತ್ತು ಪಿಕಪ್ ಕೈದಾಟುತ್ತವೆ. ಅಣ್ಣ ಹಾಸಿಗೆ ಹಿಡಿದಾಗಿನಿಂದ ಮನೆ ನಿಂತಿರುವುದು ಈ ಇಬ್ಬರ ಬೆರಳುಗಳ ಮೇಲೆ.

ಈಚೆಗೆ ಅತ್ತಿಗೆಯ ಕಣ್ಣು ಮಂದವಾಗಿದೆ. ಒಂದೆರಡು ಸುರುಳಿ ತಪ್ಪಿದ್ದೂ ಉಂಟು. ಇನ್ನೊಂದು ಕೆಟ್ಟರೆ ಸುತ್ತುವ ಯಂತ್ರಕ್ಕೆ ಕೈ ಹಚ್ಚುವುದಿಲ್ಲ ಎಂದುಬಿಟ್ಟಿದ್ದಾರೆ. ಆಡಿದ ಮಾತು ಹಿಂತೆಗೆದುಕೊಳ್ಳುವ ಜೀವವಲ್ಲ ಅದು.

ಇವತ್ತಿನ ಜೋಡಿಯಲ್ಲಿ ಒಂದರ ರೋಧ, ಅಂದರೆ ವಿದ್ಯುತ್ತಿಗೆ ತಂತಿ ಒಡ್ಡುವ ತಡೆ, ನಾಲ್ಕು ಸಾವಿರ ಓಮ್. ಇನ್ನೊಂದರದು ಇನ್ನೂರು ಜಾಸ್ತಿ. ಮೀಟರಮ್ಮ ಇನ್ನೊಮ್ಮೆ ಅಂಕೆಯತ್ತ ಬಗ್ಗುತ್ತಾಳೆ.

"ಏನಂತೆ ನಿನ್ನ ಮೀಟರು? ನನ್ನ ಮುಖ ನೋಡಿ ಅಂಕೆ ತಿದ್ದಬೇಡ," ಬಾಗಿಲಲ್ಲಿ ನಿಂತ ಅತ್ತಿಗೆ ಕೇಳುತ್ತಾರೆ.

"ತಿದ್ದಲ್ಲ ಅತ್ತಿಗೆ. ಇದರಲ್ಲಿ ಸುತ್ತು ಜಾಸ್ತಿ ಅಂತಿದೆ."

ಅತ್ತಿಗೆ ಕನ್ನಡಕ ತೆಗೆದು ಮಡಚುತ್ತಾರೆ. ಆ ಸದ್ದಿಗೆ ಮೀಟರಮ್ಮನಿಗೆ ಏನೋ ಹೊಳೆದು, ಇದನ್ನು ಮೇಣದಿಂದ ತೆಗೆದದ್ದು ಯಾವಾಗ ಎನ್ನುತ್ತಾಳೆ. ಸುತ್ತು ಅಲುಗದಂತೆ ಸುರುಳಿಯನ್ನು ಕರಗಿದ ಮೇಣದಲ್ಲಿ ಅದ್ದುವುದು ಇಲ್ಲಿನ ಪದ್ಧತಿ. ಅತ್ತಿಗೆ ಒಂದನ್ನು ನಿನ್ನೆಯೇ ಅದ್ದಿದ್ದು, ಅಂಕೆ ಜಾಸ್ತಿ ತೋರಿದ್ದನ್ನು ಈಗ ತಾನೆ. ಹೊರಗೆ ಆರಿದಂತಿದ್ದರೂ ಒಳಗಿನ ತಾಮ್ರ ಬೆಚ್ಚಗಿದೆ. ಬಿಸಿ ತಾಮ್ರದ ರೋಧ ಏರುತ್ತದೆ.

ಆದರೂ ಅವಳಿಗೆ ತನ್ನ ಮೇಲೇ ಗುಮಾನಿ. ಅತ್ತಿಗೆಯ ಮೇಲಿನ ಅಕ್ಕರೆ ಈ ನೆಪ ಹುಡುಕಿತೇ? ಗುಂಡಿ ತಿರುಗಿಸಿ ಸುರುಳಿಯ ಇನ್ನೊಂದು ಅಳತೆಯಾದ ಇಂಡಕ್ಟೆನ್ಸ್ ನೋಡುತ್ತಾಳೆ. ಅದು ಸುತ್ತುಗಳ ಎಣಿಕೆಗೆ ಬಗ್ಗುತ್ತದೆ, ಈ ಬಿಸಿಗೆ ಬಗ್ಗುವುದಿಲ್ಲ. ಎರಡು ಸುರುಳಿಗೂ ಒಂದೇ ಅಂಕೆ! ಮತ್ತೆ ರೋಧಕ್ಕೆ ತಿರುಗಿಸಿದರೆ, ಇಬ್ಬರೂ ನೋಡನೋಡುತ್ತಿದ್ದಂತೆ ಅದು ಮೆಲ್ಲಗೆ ಇಳಿಯುತ್ತಿದೆ.

"ಸುತ್ತೋಕೆ ಬರುತ್ತೆ, ಕಾಯೋಕೆ ಬರಲ್ಲ ನಿಮಗೆ."

"ನೀನಿದೀಯಲ್ಲ ಕಾಯೋಕೆ," ಎಂದ ಅತ್ತಿಗೆ ಕನ್ನಡಕ ಏರಿಸಿ ಯಂತ್ರದತ್ತ ನಡೆಯುತ್ತಾರೆ.

ನೆಂಟಸ್ತಿಕೆಯೆಂದು ಯಾವತ್ತಾದರೂ ಬಿಟ್ಟುಕೊಟ್ಟದ್ದುಂಟೇ ಎಂದು ಯಾರಾದರೂ ಕೇಳಿದರೆ ಮೀಟರಮ್ಮ ತಲೆ ಎತ್ತದೆ ಹೇಳುತ್ತಾಳೆ:

"ಒಂದು ಓಮೂ ಬಿಟ್ಟಿಲ್ಲ. ನಮ್ಮ ಅತ್ತಿಗೆಗೆ ಅದು ಬೇಕಾಗೂ ಇಲ್ಲ."