ಬಿಸಿ ರೊಟ್ಟಿಯ ಗಂಟು

ನಾನು ಸಣ್ಣವಳಿದ್ದಾಗ ನಮ್ಮ ರಾಜೂರಿನಲ್ಲಿ ಬೆಳಗಾಗುತ್ತಿದ್ದುದೇ ರೊಟ್ಟಿ ಬಡಿಯುವ ಸಪ್ಪಳಕ್ಕೆ. ಓಣಿ ತುಂಬ ಸುಟ್ಟ ಜೋಳದ ಹಿಟ್ಟಿನ ವಾಸನೆ. ಖಡಕ್ ರೊಟ್ಟಿಯಾದರೆ ಧೋತರದ ಮೇಲೆ ಹರವಿಡುತ್ತಿದ್ದರು. ಪೂರಾ ಒಣಗುವವರೆಗೆ ಒಂದರ ಮೇಲೊಂದು ಇಡುವಂತಿರಲಿಲ್ಲ. ಕೂಸಿಗೂ ಗೊತ್ತಿದ್ದ ಮಾತು. ನನಗೂ ಗೊತ್ತಿತ್ತು, ಗೊತ್ತಿದ್ದೂ ಮಾಡಿದ್ದೇ ನನ್ನ ತಪ್ಪು.

ಆ ಮಳೆಗಾಲದಲ್ಲಿ ಮಲಪ್ರಭೆ ಹೊಳೆ ಉಕ್ಕಿ ದಂಡೆಯ ಊರು ಮೆಣಸಗಿಯನ್ನು ಹೊಕ್ಕಿತು. ಅಲ್ಲಿ ಜನ ಉಪವಾಸ ಕುಳಿತಿದ್ದಾರೆಂದು ನಮ್ಮ ಸಾಲೆಯ ಅಕ್ಕೋರು ಏಳನೇ ಇಯತ್ತೆಯ ಹುಡುಗಿಯರನ್ನು ಓಣಿಗಿಬ್ಬರಂತೆ ರೊಟ್ಟಿ ಕೂಡಿಸಲು ಕಳಿಸಿದರು. ನನ್ನ ಜೋಡಿ ಬಳೆಗಾರರ ಮನೆಯ ಶಮೀಮ. ಎಲ್ಲರಿಗಿಂತ ದೊಡ್ಡ ಗಂಟು ನಮ್ಮದೇ ಆಗಬೇಕೆಂಬ ಹಟ ನನಗೆ. ಒಣಗಿದವು ಸಾಲದೆ, ಹಂಚಿನಿಂದ ಆಗಷ್ಟೇ ಇಳಿದ ಬಿಸಿ ರೊಟ್ಟಿಗಳನ್ನೂ ಇಸಿದುಕೊಂಡು ನಡುವೆ ತುರುಕಿ ಬಿಗಿಯಾಗಿ ಕಟ್ಟಿದೆ. ಶಮೀಮ ಬೇಡವೆಂದಳು. ಸುಮ್ಮನಿರೇ ಎಂದು ಗದರಿದೆ. ಅಕ್ಕೋರು ಗಂಟು ನೋಡಿ ಬೆನ್ನು ಚಪ್ಪರಿಸಿದರು. ಎರಡು ದಿನ ಬಿಟ್ಟು, ಶನಿವಾರ, ರೊಟ್ಟಿ ಹೇರಿಕೊಂಡು ಟಂಟಂ ಗಾಡಿ ಹೊರಟಿತು.

ಅವತ್ತೇ ಮಧ್ಯಾಹ್ನ, ಗಂಟಿನಲ್ಲಿ ಹಿಡಿಸದೆ ನಾನು ಮನೆಯ ಬುಟ್ಟಿಯಲ್ಲಿ ಮುಚ್ಚಿಟ್ಟಿದ್ದ ರೊಟ್ಟಿಗಳನ್ನು ನಮ್ಮ ಅಜ್ಜಿ ತೆಗೆದಳು. ಹಸಿರು ಬೂಷ್ಟು! ಹುಳಿ ನಾತ ಮೂಗಿಗೆ ಹೊಡೆಯಿತು.

"ಯಾವಾಕಿ ಬಿಸೀವ್ನ ಮುಚ್ಚಿಟ್ಟಾಕಿ? ಇದನ್ನ ತಿಂದ್ರ ಮನಷ್ಯಾ ಉಳೀತಾನ?" ಎಂದವಳೇ, ಎಮ್ಮೆಗೂ ಹಾಕದೆ ತಿಪ್ಪೆಗೆ ಚೆಲ್ಲಿದಳು.

ಗಂಟಿನೊಳಗಿನವೂ ಹೀಗೇ ಆಗಿರಬೇಕು! ಶಮೀಮನ ಮನೆಗೆ ಓಡಿದೆ. ಯಾರಾದರೂ ಸತ್ತರೆ ಪೊಲೀಸರು ಬರುತ್ತಾರೇನೆಂದು ಅವಳು ಕೇಳಿದಳು. ಭಾನುವಾರವಿಡೀ ನಾನು ಊಟ ಮಾಡಲಿಲ್ಲ. ಓಣಿಯಲ್ಲಿ ಮೋಟರ್ ಸೈಕಲ್ ಬಂದರೆ ಸಾಕು, ಜೋಳದ ಚೀಲಗಳ ಹಿಂದೆ ಅಡಗಿ ಕೂಡುತ್ತಿದ್ದೆ. ಸೋಮವಾರ ತಡೆಯಲಾಗದೆ ಅಕ್ಕೋರ ಮುಂದೆ ಎಲ್ಲ ಹೇಳಿಬಿಟ್ಟೆ. ಬಡಿಯುತ್ತಾರೆಂದುಕೊಂಡಿದ್ದೆ. ಅವರು ಬಡಿಯಲಿಲ್ಲ, ಮುಖ ಮಾತ್ರ ಬಿಳಿಚಿಕೊಂಡಿತು. ಮೆಣಸಗಿಗೆ ಫೋನು ಹತ್ತಲಿಲ್ಲ. ಎರಡನೇ ಸಲ ರೊಟ್ಟಿ ಒಯ್ಯುತ್ತಿದ್ದ ಟಂಟಂನಲ್ಲಿ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೊರಟರು.

ಜನ ಇಳಿದುಕೊಂಡಿದ್ದ ಸಾಲೆಯ ತುಂಬ ಕೆಸರು, ಹೊಗೆ, ಹಸಿ ಬಟ್ಟೆಯ ವಾಸನೆ. ನಾನು ಗಂಟು ಕಟ್ಟಿದ್ದ ಅಜ್ಜನ ಧೋತರವನ್ನು ಒಬ್ಬ ಮುದುಕಿ ಹೊದ್ದು ಕುಳಿತಿದ್ದಳು. ಇದರೊಳಗಿನ ರೊಟ್ಟಿ ಎಲ್ಲಿ ಎಂದು ಕೇಳಿದೆ.

"ತಿಂದೀವಲ್ಲ ಯವ್ವಾ. ಬೂಷ್ಟ ಕೆರದ ತಿಂದೀವಿ. ಹಸದಾಗ ಯಾರ್ ನೋಡ್ತಾರ?"

ಅವಳ ಮೊಮ್ಮಗಳಿಗೆ ನಸುಕಿನಿಂದ ವಾಂತಿಯಂತೆ, ರೋಣದ ದವಾಖಾನೆಗೆ ಒಯ್ದಿದ್ದಾರಂತೆ. ನೀರಿಗಾಯಿತೋ ರೊಟ್ಟಿಗಾಯಿತೋ ಯಾರಿಗೆ ಗೊತ್ತು ಎಂದಳು. ನನಗೆ ಗೊತ್ತಿದೆ ಅನಿಸಿತು.

ನಾವಿಬ್ಬರೂ ಮೆಟ್ಟಿಲ ಮೇಲೆ ಕುಳಿತೆವು. ಶಮೀಮ ಓಢಣಿ ತಲೆಗೆಳೆದುಕೊಂಡು ದುವಾ ಮಾಡಿದಳು. ನಾನು ಗೊತ್ತಿದ್ದ ದೇವರಿಗೆಲ್ಲ ಕೈ ಮುಗಿದೆ. ಹೊತ್ತು ಇಳಿಯುವಾಗ ಜೀಪು ಬಂತು. ಮೊದಲು ಇಳಿದವರಲ್ಲಿ ಹುಡುಗಿ ಇರಲಿಲ್ಲ. ಕಡೆಗೆ ಅವಳನ್ನು ಅಪ್ಪ ಎತ್ತಿಕೊಂಡು ಇಳಿದ. ಐದಾರು ವರ್ಷದ ಕೂಸು, ಸಲೈನ್ ಹಚ್ಚಿದ್ದ ಮುಂಗೈಗೆ ಪಟ್ಟಿ ಅಂಟಿಸಿದ್ದರು. ನಾವು ತಂದು ಪಕ್ಕದಲ್ಲಿಟ್ಟುಕೊಂಡಿದ್ದ ಹೊಸ ಗಂಟನ್ನು ನೋಡಿದ್ದೇ ನನ್ನ ಕಡೆ ಕೈ ಚಾಚಿತು.

"ಅಕ್ಕಾ, ರೊಟ್ಟಿ ಕೊಡ."

ಒಂದು ರೊಟ್ಟಿ ತೆಗೆದು ಮುರಿದೆ, ಕಟಕ್ಕೆಂದಿತು. ಮೂಸಿದೆ. ಮೊದಲ ತುಂಡು ನಾನೇ ತಿಂದು, ಸ್ವಲ್ಪ ಹೊತ್ತು ತಡೆದೆ. ಆಮೇಲೆ ಉಳಿದದ್ದನ್ನು ಅಕ್ಕೋರು ಬಿಸಿನೀರಲ್ಲಿ ನೆನೆಸಿ ಅದಕ್ಕೆ ತಿನ್ನಿಸಿದರು.

ಈಗ ನಮ್ಮ ಓಣಿಯಲ್ಲಿ ರೊಟ್ಟಿ ಬಡಿಯುವ ಮನೆ ಎರಡೋ ಮೂರೋ. ಉಳಿದವರು ಗಜೇಂದ್ರಗಡದಿಂದ ಪ್ಯಾಕೆಟ್ ತರುತ್ತಾರೆ, ನಾನೂ ತರುತ್ತೇನೆ. ಹೊಳೆ ಬಂತೆಂದು ಟಿವಿಯಲ್ಲಿ ಹೇಳಿದರೆ ಅವೇ ಪ್ಯಾಕೆಟ್ಟುಗಳನ್ನು ಯಾರದೋ ಗಾಡಿಗೆ ಏರಿಸಿ, ಮನೆಗೆ ಬಂದು, ಹೊಟ್ಟೆ ತುಂಬ ಉಂಡು ಮಲಗುತ್ತೇನೆ. ಯಾರು ತಿಂದರು, ಹೇಗಿದ್ದಾರೆ ಎಂದು ಕೇಳುವುದಿಲ್ಲ. ಗುರುತಿಲ್ಲದವರ ಹೊಟ್ಟೆಗೆ ಹೆದರಿ ತಾನೂ ಊಟ ಬಿಟ್ಟ ಆ ಹುಡುಗಿ ಈಗ ನನ್ನಲ್ಲಿ ಹುಡುಕಿದರೂ ಸಿಗುವುದಿಲ್ಲ.