ಅರವತ್ತೊಂದನೇ ಪುಟದ ಅಕ್ಕ

ಬಡಾವಣೆಯ ಗ್ರಂಥಾಲಯದಲ್ಲಿ ಅಕ್ಕನ ಮೇಜು ಬಾಗಿಲಿಗೆ ಎದುರಾಗಿದೆ. ಇಪ್ಪತ್ತಾರು ವರ್ಷಗಳಿಂದ ಅವಳು ಅಲ್ಲೇ ಕೂತಿದ್ದಾಳೆ. ಐವತ್ತು ತುಂಬಿದೆ, ಕನ್ನಡಕ ಎರಡಿವೆ, ಮಾತು ಕಡಿಮೆ. ಪುಟದ ಮೂಲೆ ಮಡಚಿ ತಂದವರ ಮೇಲೆ ಮಾತ್ರ ದನಿ ಏರುತ್ತದೆ. ತನಗಿಂತ ಹಿರಿಯರಿಗೂ ಅವಳು ಅಕ್ಕನೇ.

ಅಲ್ಲೊಂದು ಪದ್ಧತಿಯಿದೆ. ಪ್ರತಿ ಪುಸ್ತಕದ ಹಿಂದಿನ ರಟ್ಟಿನ ಒಳಬದಿಗೆ ಒಂದು ಗೆರೆ ಹಾಳೆ ಅಂಟಿಸಿರುತ್ತಾರೆ. ಓದಿದವರು ಪುಸ್ತಕ ಹಿಂದಿರುಗಿಸುವಾಗ ಅದರಲ್ಲಿ ಒಂದೆರಡು ಸಾಲು ಬರೆಯಬೇಕು, ಹೆಸರು ಹಾಕುವಂತಿಲ್ಲ. ಹಾಳೆ ತುಂಬಿದ ಮೇಲೆ ಅಕ್ಕ ಅದರ ಮೇಲೆಯೇ ಹೊಸ ಹಾಳೆ ಅಂಟಿಸುತ್ತಾಳೆ. ಹತ್ತು ವರ್ಷವಾದರೂ ಒಂದು ಸಾಲೂ ಕಾಣದ ಪುಸ್ತಕಗಳಿವೆ. ಅವುಗಳನ್ನು ಬರೆದ ಪುಣ್ಯಾತ್ಮರು ಬಂದರೆ ಅಕ್ಕ ಅವರನ್ನು ಆ ಕಪಾಟಿನ ಕಡೆ ಸುಳಿಯಲು ಬಿಡುವುದಿಲ್ಲ.

ಮೂರು ತಿಂಗಳ ಹಿಂದೆ ಅವಳ ತಮ್ಮನ ಪುಸ್ತಕ ಬಂತು. ಸ್ವಂತ ತಮ್ಮ, ನಾಲ್ಕು ವರ್ಷ ಚಿಕ್ಕವನು, ಬೇರೆ ಊರಿನಲ್ಲಿ ಕಟ್ಟುಹಲ್ಲು ತಯಾರಿಸುವವನು. ಗಂಡಸರನ್ನು ಮೆಚ್ಚುವ ಹುಡುಗನಾಗಿ ಒಂದು ಸಾಧಾರಣ ಮನೆಯಲ್ಲಿ ಬೆಳೆದ ಕತೆಯನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸಿ ಬರೆದಿದ್ದ. ಗಡಿಯಾರ ರಿಪೇರಿ ಮಾಡುವ ಅಪ್ಪ ಬೈಯುವಾಗಲೂ ಯಾರದೋ ಗಡಿಯಾರವನ್ನು ಕಿವಿಗೆ ಹಿಡಿದುಕೊಂಡೇ ಬೈಯುತ್ತಿದ್ದದ್ದು ಅದರಲ್ಲಿತ್ತು. ಪಕ್ಕದ ಮನೆಯ ಈಜುಗಾರನನ್ನು ನೋಡಿ ಕಲಿ ಎಂದು ಅಮ್ಮ ದಿನಾ ಹೇಳುತ್ತಿದ್ದದ್ದು, ಮಗ ಎರಡು ವರ್ಷ ಕಣ್ಣು ಮಿಟುಕಿಸದೆ ನೋಡಿಯೂ ಈಜು ಕಲಿಯದೆ ಹೋದದ್ದು ಅದರಲ್ಲಿತ್ತು. ಅಪ್ಪ ಅಮ್ಮ ಇಬ್ಬರೂ ಈಗಿಲ್ಲ, ಹಾಗಾಗಿ ತಕರಾರು ಮಾಡುವವರೂ ಇರಲಿಲ್ಲ.

ಓದುಗರು ಮುಗಿಬಿದ್ದರು. ಅಕ್ಕ ಪ್ರತಿ ಸಂಜೆ ಹಾಳೆ ತೆಗೆದು ಓದುತ್ತಿದ್ದಳು.

“ಬಸ್ಸಿನಲ್ಲಿ ಓದುತ್ತಿದ್ದೆ. ನಕ್ಕು ನಕ್ಕು ಇಳಿಯುವ ಜಾಗ ದಾಟಿಹೋಯಿತು.”

“ಮನೆಯ ಮಾನ ಬೀದಿಗೆ ತರುವ ಇಂಥ ಪುಸ್ತಕ ಇಲ್ಲಿ ಬೇಡ.” ಅದರ ಕೆಳಗೆ ಹಸಿರು ಶಾಯಿಯಲ್ಲಿ: “ಮೇಲೆ ಬರೆದವರು ಇದನ್ನು ಎರಡು ಸಲ ಒಯ್ದಿದ್ದಾರೆ, ನಾನೇ ಕಂಡಿದ್ದೇನೆ.”

“ನನ್ನ ಮಗ ಏನೂ ಹೇಳಿಲ್ಲ, ನಾನೂ ಕೇಳಿಲ್ಲ. ಪುಸ್ತಕವನ್ನು ಅವನ ಮೇಜಿನ ಮೇಲೆ ಎರಡು ದಿನ ಇಟ್ಟಿದ್ದೆ. ಒಳಗಿಟ್ಟಿದ್ದ ಚೀಟಿ ಈಗ ಬೇರೆ ಪುಟದಲ್ಲಿದೆ.” ಈ ಸಾಲು ಓದಿದ ದಿನ ಅಕ್ಕ ಬೇಗ ಬಾಗಿಲು ಹಾಕಿ ಮನೆಗೆ ಹೋದಳು.

ಆದರೆ ಹತ್ತರಲ್ಲಿ ಏಳು ಜನ ಬರೆದದ್ದು ಅವಳ ಬಗ್ಗೆಯೇ. ಇಂಥ ಅಕ್ಕ ಇದ್ದರೆ ಯಾವ ಹುಡುಗನಿಗೂ ಭಯವಿಲ್ಲ ಎಂದು ಒಬ್ಬರು. ಪುಸ್ತಕದ ಬಂಗಾರ ಅಂದರೆ ಅಕ್ಕ ಎಂದು ಇನ್ನೊಬ್ಬರು. ಎದುರಿಗೆ ಬಂದು ಕೈ ಹಿಡಿದುಕೊಂಡು ಹೇಳುವವರೂ ಇದ್ದರು. ಆ ಹೊಗಳಿಕೆ ಅವಳಿಗೆ ಬಿಸಿತುಪ್ಪವಾಗಿತ್ತು, ನುಂಗಲೂ ಆಗದು, ಉಗುಳಲೂ ಆಗದು.

ಎಲ್ಲರೂ ಹೆಚ್ಚು ನಕ್ಕದ್ದು ಅರವತ್ತೊಂದನೇ ಪುಟಕ್ಕೆ. ಹದಿನೈದರ ಹುಡುಗ ಗೆಳೆಯನಿಗೆ ಪ್ರೇಮಪತ್ರ ಬರೆದು ಅಂಗಿಯ ಜೇಬಿನಲ್ಲಿ ಮರೆತ. ಅಕ್ಕ ಜೇಬು ನೋಡದೆ ಅಂಗಿ ಒಗೆದಳು. ಆಮೇಲೆ, ಪಾಪ, ತಮ್ಮನ ಪತ್ರ ಹಾಳಾಗಬಾರದೆಂದು ಅದನ್ನು ತಂತಿಯ ಮೇಲೆ ಕ್ಲಿಪ್ಪು ಹಾಕಿ ಒಣಗಿಸಿದಳು. ಟವೆಲ್ ತೆಗೆಯಲು ಬಂದ ಅಪ್ಪ ಪೂರ್ತಿ ಓದಿ, “ಅಕ್ಷರ ಸುಧಾರಿಸಬೇಕು” ಎಂದ. ಹುಡುಗನನ್ನು ಒಂದೂವರೆ ವರ್ಷ ಚಿಕ್ಕಪ್ಪನ ಮನೆಗೆ ಅಟ್ಟಿದರು. ಅದನ್ನೂ ತಮ್ಮ ನಗಿಸಿಯೇ ಬರೆದಿದ್ದ.

ನಡೆದದ್ದು ಹಾಗಲ್ಲ. ಹತ್ತೊಂಬತ್ತರ ಅಕ್ಕ ಜೇಬಿನಿಂದ ಕಾಗದ ತೆಗೆದು ಓದಿದಳು. ನೇರ ಅಪ್ಪನ ಅಂಗಡಿಗೆ ನಡೆದಳು, ಕೈಗಿಟ್ಟಳು. ಅಪ್ಪನಿಗೆ ಮಗನೆಂದರೆ ಪ್ರಾಣ, ಇವಳ ಕಡೆ ತಿರುಗಿ ನೋಡಲೂ ಪುರುಸೊತ್ತಿರಲಿಲ್ಲ. ಒಂದು ಸಲವಾದರೂ ತನ್ನ ಕಡೆ ನೋಡಲಿ ಎಂಬ ಹೊಟ್ಟೆಕಿಚ್ಚು, ಅಷ್ಟೇ. ಅಪ್ಪ ಓದಿ ಕಾಗದವನ್ನು ವಾಪಸು ಕೊಟ್ಟ. ಅವನ ಮುಖ ನೋಡಿದಾಗಲೇ ತಾನು ಮಾಡಿದ್ದೇನೆಂದು ಅವಳಿಗೆ ಹೊಳೆದದ್ದು. ಮನೆಗೆ ಓಡಿ ಬಂದು ಕಾಗದವನ್ನು ಬಕೆಟ್ಟಿನಲ್ಲಿ ಅದ್ದಿ ತಂತಿಗೆ ಸಿಕ್ಕಿಸಿದಳು. ಶಾಲೆಯಿಂದ ಬಂದ ತಮ್ಮ ಕಂಡದ್ದು ಅದನ್ನೇ, ಮೂವತ್ತೊಂದು ವರ್ಷ ನಂಬಿದ್ದೂ ಅದನ್ನೇ.

ಶನಿವಾರ ಸಂಜೆ ನಾಲ್ಕಕ್ಕೆ ಓದುಗರನ್ನು ಕಾಣಲು ತಮ್ಮ ಬರುವವನಿದ್ದ. ಅವತ್ತು ಮಧ್ಯಾಹ್ನ ಲೆನ್ಸ್ ಮಾಮ ಪುಸ್ತಕ ವಾಪಸು ಕೊಟ್ಟು ಹೋದ. ಎಪ್ಪತ್ತೆಂಟರ ಮುದುಕ, ಅಪ್ಪನ ಅಂಗಡಿಯಲ್ಲಿ ಕಣ್ಣಿಗೆ ಲೆನ್ಸ್ ಸಿಕ್ಕಿಸಿಕೊಂಡು ದುಡಿದವನು. ಇರುವೆ ಸಾಲಿನಂಥ ಅವನ ಅಕ್ಷರ ಎಲ್ಲರ ಸಾಲುಗಳ ಕೆಳಗಿತ್ತು.

“ಪುಟ 61. ಕಾಗದ ಒದ್ದೆಯಾಗಿರಲಿಲ್ಲ.”

ಕಾಗದ ಕೊಟ್ಟ ದಿನ ಅಂಗಡಿಯ ಮೂಲೆಯಲ್ಲಿ ಇವನಿದ್ದದ್ದು ಅಕ್ಕನಿಗೆ ಮರೆತೇಹೋಗಿತ್ತು. ಹಾಳೆ ಅರ್ಧ ಖಾಲಿಯಿದ್ದರೂ ಅಂಟಿನ ಡಬ್ಬಿ ತೆಗೆದಳು, ಅಂಚಿಗಷ್ಟೇ ಅಂಟು ಸವರಿ ಮೇಲೆ ಹೊಸ ಹಾಳೆ ಹಾಕಿ ಒತ್ತಿದಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗಾಯಿತು ಅದು.

ನಾಲ್ಕು ಗಂಟೆಗೆ ಕುರ್ಚಿ ಸಾಲದೆ ಕಿಟಕಿಯ ಕಟ್ಟೆಯ ಮೇಲೂ ಜನ ಕೂತರು. ತಮ್ಮ ಬಂದವನೇ ಅಕ್ಕನ ಹೆಗಲ ಮೇಲೆ ಕೈಯಿಟ್ಟು, “ಇವಳೇ ನೋಡಿ, ಕಾಗದ ಒಣಗಿಸಿದವಳು,” ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಲೆನ್ಸ್ ಮಾಮ ತಟ್ಟಲಿಲ್ಲ.

“ಮೊದಲು ಹಾಳೆ ಓದ್ಲಿ,” ಎಂದರು ಮುಂದಿನ ಸಾಲಿನಲ್ಲಿ ಕೂತಿದ್ದ ನಿವೃತ್ತ ಶಾಲಾ ಮೇಡಂ ಒಬ್ಬರು.

ಅಕ್ಕನಿಗೆ ಆಗ ಹೊಳೆಯಿತು. ಬರೆದವರು ಬಂದರೆ ಹಾಳೆಯನ್ನು ಅವರೇ ಗಟ್ಟಿಯಾಗಿ ಓದಬೇಕು, ಇಲ್ಲಿನ ಕ್ರಮ ಅದು. ಬರೆದವರು ಬಂದು ನಾಲ್ಕು ವರ್ಷವಾಗಿತ್ತು, ಗಾಬರಿಯಲ್ಲಿ ಅವಳಿಗೆ ನೆನಪಾಗಿರಲಿಲ್ಲ.

ತಮ್ಮ ಹಿಂದಿನ ರಟ್ಟು ತೆರೆದ. “ಖಾಲಿ ಇದೆಯಲ್ಲ? ಯಾರಿಗೂ ಇಷ್ಟ ಆಗ್ಲಿಲ್ವಾ?”

“ಖಾಲಿನಾ? ನಾನೇ ಆರು ಸಾಲು ಬರ್ದಿದೀನಿ,” ಎಂದರು ಮೇಡಂ. “ಅಕ್ಕ, ನಮ್ದೆಲ್ಲ ಎಲ್ಲಿ ಹೋಯ್ತು?”

“ತುಂಬಿತ್ತು. ಅದಕ್ಕೇ ಹೊಸದು ಹಾಕ್ದೆ.”

“ಮೊನ್ನೆ ಅರ್ಧನೂ ತುಂಬಿರ್ಲಿಲ್ಲ.”

ತಮ್ಮ ಮೂಲೆಗೆ ಉಗುರು ಹಾಕಿದ. “ಅಂಟು ಇನ್ನೂ ಹಸಿ ಇದೆ, ಎದ್ದು ಬರುತ್ತೆ.” ಹಲ್ಲಿನ ಅಚ್ಚು ಬಿಡಿಸಿ ಪಳಗಿದ ಕೈ. ಹಾಳೆ ಹರಿಯದೆ ಎದ್ದಿತು.

ಅವನು ಓದುತ್ತ ಹೋದ. ಬಸ್ಸಿಗೆ ನಕ್ಕರು, ಹಸಿರು ಶಾಯಿಗೆ ಇನ್ನೂ ಜೋರಾಗಿ ನಕ್ಕರು. ಚೀಟಿಯ ಸಾಲಿಗೆ ಅವನ ದನಿ ಸಣ್ಣದಾಯಿತು, ಹಿಂದಿನ ಸಾಲಿನಲ್ಲಿ ಯಾರೋ ಮೂಗೊರೆಸಿಕೊಂಡರು. ಅಕ್ಕ ಅವನ ಬೆರಳನ್ನೇ ನೋಡುತ್ತಿದ್ದಳು. ಬೆರಳು ಕೆಳಗಿಳಿಯಿತು, ಕೊನೆಯ ಸಾಲಿಗೆ ಬಂತು, ನಿಂತಿತು.

ಅವನು ಓದಲಿಲ್ಲ. ಮನಸ್ಸಿನಲ್ಲೇ ಎರಡು ಸಲ ಓದಿಕೊಂಡದ್ದು ಅವಳಿಗೆ ಕಂಡಿತು.

“ಇಷ್ಟೇ,” ಎಂದ.

“ಇನ್ನೊಂದಿದೆ,” ಎಂದ ಲೆನ್ಸ್ ಮಾಮ. “ನಂದು. ಆ ಕಾಗದ ಅಂಗಡಿಗೆ ಬಂದಾಗ ನಾನಲ್ಲೇ ಇದ್ದೆ. ನೀನು ಹೋದ ಮೇಲೆ ನಿಮ್ಮಪ್ಪ ಆರು ತಿಂಗಳು ಒಂದು ಗಡಿಯಾರನೂ ಸರಿ ಮಾಡ್ಲಿಲ್ಲ ಕಣಪ್ಪ. ನಾನೂ ಬಾಯಿ ಮುಚ್ಕೊಂಡಿದ್ದೆ. ಇನ್ನು ಸಾಯೋ ಕಾಲ.”

ತಮ್ಮ ಅಕ್ಕನ ಕಡೆ ತಿರುಗಿದ. ಮುಖದಲ್ಲಿ ಇನ್ನೂ ನಗುವಿನ ಉಳಿಕೆಯಿತ್ತು, ಯಾರಾದರೂ ಇದೂ ತಮಾಷೆ ಎಂದರೆ ನಂಬಲು ತಯಾರಾಗಿದ್ದ. ಮುದುಕನಿಗೆ ಅರಳುಮರುಳು ಅಂದಿದ್ದರೆ ಸಾಕಿತ್ತು. ಮಾತು ನಾಲಿಗೆಯ ತುದಿಗೆ ಬಂದೂ ಇತ್ತು. ಅಕ್ಕ ಮೇಜು ಹಿಡಿದು ಎದ್ದಳು.

“ನಾನೇ ಕೊಟ್ಟೆ. ಓದಿ, ಗೊತ್ತಿದ್ದೇ ಕೊಟ್ಟೆ. ಆಮೇಲೆ ನೀರಲ್ಲಿ ಅದ್ದಿ ತಂತಿ ಮೇಲೆ ಹಾಕ್ದೆ, ನೀನು ನೋಡ್ಲಿ ಅಂತ.”

ಹೊರಗೆ ಸೈಕಲ್ ಒಂದು ಬೆಲ್ ಬಾರಿಸುತ್ತ ಹೋಯಿತು. ಮೇಡಂ ನೆಲ ನೋಡುತ್ತಿದ್ದರು.

“ನನ್ನ ತಪ್ಪು ಅಂದ್ಕೊಂಡಿದ್ದೆ,” ಎಂದ ತಮ್ಮ. ಓದುಗರನ್ನು ಮರೆತು ಅವಳೊಬ್ಬಳಿಗೇ ಹೇಳುತ್ತಿದ್ದ. “ಜೇಬಲ್ಲಿ ಮರೆತವನು ನಾನಲ್ವಾ. ಚಿಕ್ಕಪ್ಪನ ಮನೇಲಿ ರಾತ್ರಿ ಎಲ್ಲಾ ಅದೇ ಯೋಚ್ನೆ. ಇವತ್ತಿಗೂ ಅಂಗಿ ಒಗಿಯೋಕೆ ಹಾಕೋ ಮುಂಚೆ ಜೇಬು ನಾಲ್ಕು ಸಲ ನೋಡ್ತೀನಿ. ಮನೇಲಿ ಜೊತೆಗಿರೋನು ನಗ್ತಾನೆ. ನಾನೂ ನಗ್ತೀನಿ.”

ಅಕ್ಕನಿಗೆ ಅಳು ಬಂತು. ಅಳುವ ಹಕ್ಕು ತನಗಿಲ್ಲವೆಂದು ತಡೆದುಕೊಂಡಳು. ಅವನು ಪುಸ್ತಕ ಮುಚ್ಚಿ ಅವಳ ಮೇಜಿನ ಮೇಲೆ, ಅವಳ ಎರಡೂ ಕೈಗಳ ನಡುವೆ ಇಟ್ಟ.

“ಬರೋ ತಿಂಗಳು ಮತ್ತೆ ಅಚ್ಚಾಗುತ್ತೆ. ಆ ಪುಟ ನೀನು ಬರ್ದು ಕೊಡು.”

“ನಂಗೆ ನಗ್ಸೋಕೆ ಬರಲ್ಲ ಕಣೋ.”

“ನಗಿಸ್ಬೇಡ,” ಎಂದ ತಮ್ಮ.