ಪರದೆ ಕಪ್ಪಾಗದಂತೆ ಕಾಯುವ ಸ್ವಿಚ್ ಅಕ್ಕ

ಬೆಳಗಿನ ಆರು ಗಂಟೆ. ಕಾರ್ಖಾನೆಯ ಎರಡನೇ ಮಹಡಿಯಲ್ಲಿ ಇನ್ನೂ ಯಾರ ಸುಳಿವೂ ಇಲ್ಲ. ಸ್ವಿಚ್ ಅಕ್ಕ ಮಾತ್ರ ಸ್ವೆಟರಿನ ತೋಳು ಮೇಲೆತ್ತಿಕೊಂಡು, ಕಿರುಬೆರಳ ಉಗುರಿನಷ್ಟಿರುವ ಚಿಪ್ಪೊಂದನ್ನು ಚಿಮಟದಲ್ಲಿ ಹಿಡಿದು ಪರೀಕ್ಷೆಯ ಬೋರ್ಡಿನಲ್ಲಿ ಕೂರಿಸುತ್ತಿದ್ದಾರೆ. ಹೊತ್ತೇರಿ ಕೋಣೆ ಬಿಸಿಯಾಗುವ ಮುಂಚೆ, ತಣ್ಣಗಿರುವಾಗ ಅದು ಹೇಗೆ ನಡೆದುಕೊಳ್ಳುತ್ತದೆ ಎಂದು ನೋಡಬೇಕು. ಆಮೇಲೆ ಕೂದಲು ಒಣಗಿಸುವ ಡ್ರೈಯರ್ ಹಿಡಿದು ಅದರ ಬೆವರಿಳಿಸುತ್ತಾರೆ.

ಎರಡು ಕ್ಯಾಮೆರಾಗಳ ವಿಡಿಯೊದಲ್ಲಿ ಒಂದನ್ನು ಆರಿಸಿ ಪರದೆಗೆ ಕಳಿಸುವ ಪೆಟ್ಟಿಗೆಗಳು ಇಲ್ಲಿ ತಯಾರಾಗುತ್ತವೆ. ಒಳಗೆ ದಾರಿ ಬದಲಿಸುವುದು ಮಲ್ಟಿಪ್ಲೆಕ್ಸರ್ ಎಂಬ ಸ್ವಿಚ್ ಚಿಪ್. ಯಾವ ಚಿಪ್ ಹಾಕಬೇಕು ಎಂದು ನೋಡಿ ಹೇಳುವ ಕೆಲಸವನ್ನು ಅಕ್ಕ ಹತ್ತೊಂಬತ್ತು ವರ್ಷದಿಂದ ಮಾಡುತ್ತಿದ್ದಾರೆ. ದಿನಕ್ಕೆ ಆರೇಳು ಚಿಪ್, ಒಂದೊಂದಕ್ಕೂ ಇನ್ನೂರು ಸಲ ಗುಂಡಿ ಒತ್ತಬೇಕು. "ಚಿಪ್ ಸರಿಯಿದ್ರೆ ನಾನು ಯಾರಿಗೂ ನೆನಪಿರಲ್ಲ. ಕೈಕೊಟ್ರೆ ಎಲ್ರೂ ಹುಡುಕ್ಕೊಂಡು ಬರ್ತಾರೆ" ಎಂದು ನಗುತ್ತಾರೆ.

ಹಾಗೆ ಹುಡುಕಿಕೊಂಡು ಬಂದವರಲ್ಲಿ ಸ್ವಂತ ತಮ್ಮನೂ ಒಬ್ಬ. ಹುಟ್ಟಿನಿಂದ ಕಿವಿ ಕೇಳದ ಆತ ಕಿವುಡರ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಪಾಠವೆಲ್ಲ ಕೈಸನ್ನೆಯಲ್ಲಿ. ಒಂದು ಕ್ಯಾಮೆರಾ ಅವನ ಕೈಗಳನ್ನು ತೋರಿಸಿದರೆ ಇನ್ನೊಂದು ಪ್ರಯೋಗದ ಮೇಜನ್ನು ತೋರಿಸುತ್ತದೆ; ಪಕ್ಕದ ಕೋಣೆಯ ಮಕ್ಕಳು ಪರದೆ ನೋಡಿಕೊಂಡೇ ಪ್ರಯೋಗ ಮಾಡುತ್ತಾರೆ. ಎರಡು ವರ್ಷದ ಹಿಂದೆ ಅಕ್ಕ ಆರಿಸಿಕೊಟ್ಟ ಚಿಪ್ ದಾರಿ ಬದಲಿಸುವಾಗ ಪರದೆ ಒಂದೂವರೆ ಸೆಕೆಂಡು ಕಪ್ಪಾಗುತ್ತಿತ್ತು. ಆಸಿಡ್‌ಗೆ ನೀರು ಹಾಕಬೇಡಿ ಎಂದು ತಮ್ಮ ಹೇಳುವಾಗ 'ಬೇಡಿ' ಎಂಬ ಸನ್ನೆ ಆ ಕತ್ತಲೆಯಲ್ಲೇ ಕಳೆದುಹೋಯಿತು. ಒಬ್ಬ ವಿದ್ಯಾರ್ಥಿನಿ ಹಾಕಿಯೇಬಿಟ್ಟಳು. ಕನ್ನಡಕದಿಂದ ಕಣ್ಣು ಉಳಿಯಿತು, ಮುಂಗೈ ಸುಟ್ಟಿತು.

"ಕಿವಿ ಕೇಳೋರಿಗೆ ಪರದೆ ಕಪ್ಪಾದ್ರೂ ಮಾತು ಕೇಳ್ತಿರುತ್ತೆ. ಇವ್ರಿಗೆ ಪರದೆನೇ ಮಾತು. ಅವನ ಜೊತೇಲೇ ಬೆಳೆದವಳು ನಾನು, ನನಗೇ ಹೊಳೀಲಿಲ್ಲ" ಎನ್ನುವಾಗ ಅಕ್ಕನ ದನಿ ಇವತ್ತಿಗೂ ಕುಗ್ಗುತ್ತದೆ.

ಈಗ ಅಂಥದೇ ನಲವತ್ತು ತರಗತಿಗಳಿಗೆ ಪೆಟ್ಟಿಗೆ ಹೋಗಬೇಕಿದೆ. ಹಳೆಯ ಚಿಪ್ ಗೋದಾಮಿನಲ್ಲಿ ಬೇಕಾದಷ್ಟು ಬಿದ್ದಿರುವಾಗ ಒಂದೂವರೆ ಸೆಕೆಂಡಿಗೆ ಇಷ್ಟೊಂದು ರಂಪ ಯಾಕೆ ಎಂಬುದು ಮ್ಯಾನೇಜರ್ ವಾದ. ಅಕ್ಕ ಪಟ್ಟು ಹಿಡಿದಿರುವ ಚಿಪ್ ಬೇರೆ. ಅದು ಎರಡೂ ಸಿಗ್ನಲ್‌ಗಳನ್ನು ಒಳಗೇ ಸಿದ್ಧವಾಗಿ ಇಟ್ಟುಕೊಂಡಿರುತ್ತದೆ; ದಾರಿ ಬದಲಾದರೂ ಪರದೆ ಕಪ್ಪಾಗಬಾರದು. ಇವತ್ತಿನ ಪರೀಕ್ಷೆಯಲ್ಲಿ ಅದು ಸೋತರೆ ಹಳೆಯದೇ ಗತಿ. ಪರೀಕ್ಷೆಯೂ ಹೊಸ ಕೇಬಲ್‌ನಲ್ಲಲ್ಲ, ಶಾಲೆಯಿಂದಲೇ ಬಿಚ್ಚಿ ತಂದ ಹದಿನೈದು ಮೀಟರಿನ ಸವೆದ ಕೇಬಲ್‌ನಲ್ಲಿ.

ಏಳು ಗಂಟೆಗೆ ತಮ್ಮ ಬಂದು ಕೇಬಲ್‌ನ ಆ ತುದಿಯ ಪರದೆಯ ಮುಂದೆ ಕೂರುತ್ತಾನೆ. ಎರಡೂ ದಾರಿಯಲ್ಲಿ ಹರಿಯುತ್ತಿರುವುದು ಕೈಸನ್ನೆಯ ಅದೇ ಒಂದು ಪಾಠ. ಒಂದೇ ಒಂದು ಸನ್ನೆ ತಪ್ಪಿದರೂ ಆತ ಕೈ ಎತ್ತಬೇಕು. ಮ್ಯಾನೇಜರ್ ಬಾಗಿಲಲ್ಲಿ ನಿಂತು ನೋಡುತ್ತಿದ್ದಾರೆ. ಹಳೆಯ ಚಿಪ್‌ಗೆ ಹತ್ತಕ್ಕೆ ಹತ್ತು ಸಲವೂ ಕೈ ಮೇಲೇರುತ್ತದೆ.

ಹೊಸದರ ಸರದಿ. ಅಕ್ಕ ಗುಂಡಿ ಒತ್ತುತ್ತಾರೆ. ಮತ್ತೆ ಮತ್ತೆ ಒತ್ತುತ್ತಾರೆ. ಡ್ರೈಯರ್ ಹಿಡಿದು ಕಾಯಿಸಿ ಒತ್ತುತ್ತಾರೆ. ತಮ್ಮನ ಕೈ ಒಮ್ಮೆಯೂ ಮೇಲೇರುವುದಿಲ್ಲ. ನಲವತ್ತನೆಯ ಸಲ ಒತ್ತಿದ ಮೇಲೆ ತಮ್ಮ ಬೇಸರದಿಂದ ಇತ್ತ ತಿರುಗಿ ಏನೋ ಸನ್ನೆ ಮಾಡುತ್ತಾನೆ. ಏನಂತೆ ಎಂದು ಮ್ಯಾನೇಜರ್ ಕೇಳುತ್ತಾರೆ.

ಅಕ್ಕ ತೋಳಿನಿಂದ ಮುಖ ಒರೆಸಿಕೊಳ್ಳುತ್ತಾರೆ. "ಎಷ್ಟೊತ್ತು ಕಾಯ್ಲಿ, ಬೇಗ ಶುರು ಮಾಡು ಅಂತಿದಾನೆ, ಸರ್."